ಕನ್ನಡದಲ್ಲಿ ಬರೆಯುವಾಗ ಕೈ ನಿಲ್ಲುವ ಜಾಗ ಒಂದು, ಇಂಗ್ಲಿಷಿನಲ್ಲಿ ನಿಲ್ಲುವ ಜಾಗ ಇನ್ನೊಂದು: ಏಕೆ?

ಪ್ರಶ್ನೆ (ಪದವಿ ಕಾಲೇಜಿನ ಅಧ್ಯಾಪಕಿ, ಧಾರವಾಡ)

ನಾನು ಪದವಿ ತರಗತಿಗಳಿಗೆ ಇಂಗ್ಲಿಷ್ ಕಲಿಸುತ್ತೇನೆ. ನನ್ನ ಸಂಶೋಧನಾ ಪ್ರಬಂಧವನ್ನು ಇಂಗ್ಲಿಷಿನಲ್ಲಿ ಬರೆಯುತ್ತಿದ್ದೇನೆ. ಅದರ ನಡುವೆ ತಿಂಗಳಿಗೊಂದೆರಡು ಲೇಖನಗಳನ್ನು ಕನ್ನಡದಲ್ಲಿ ಬರೆಯುವ ರೂಢಿಯೂ ಇದೆ. ಎರಡೂ ಕೆಲಸ ಒಂದೇ ಮೇಜಿನ ಮೇಲೆ, ಒಂದೇ ಕೀಲಿಮಣೆಯಲ್ಲಿ ನಡೆಯುವುದರಿಂದ ಒಂದು ವ್ಯತ್ಯಾಸ ಬಹಳ ದಿನಗಳಿಂದ ಕಣ್ಣಿಗೆ ಬೀಳುತ್ತಿದೆ. ಇಂಗ್ಲಿಷಿನಲ್ಲಿ ನಾಲ್ಕೈದು ಪದಗಳಿಗೊಮ್ಮೆ ಕೈ ನಿಲ್ಲುತ್ತದೆ. ಮುಂದಿನ ನಾಮಪದದ ಹಿಂದೆ ‘ದ’ (the) ಬೇಕೋ ಬೇಡವೋ, ಈ ಕ್ರಿಯಾಪದಕ್ಕೆ ‘ಇನ್’ ಹೊಂದುತ್ತದೆಯೋ ‘ಆನ್’ ಹೊಂದುತ್ತದೆಯೋ ಎಂಬಂಥ ಸಣ್ಣ ಅನುಮಾನಗಳೇ ಹೆಚ್ಚು. ಕನ್ನಡದಲ್ಲಿ ಹಾಗಾಗುವುದಿಲ್ಲ. ವಾಕ್ಯ ಶುರುವಾಗುವ ಮೊದಲೇ ಬಹಳ ಹೊತ್ತು ಸುಮ್ಮನೆ ಕೂತಿರುತ್ತೇನೆ. ಶುರುವಾದ ಮೇಲೆ ಅರ್ಧ ವಾಕ್ಯವಾದರೂ ಒಂದೇ ಉಸಿರಿಗೆ ಬಂದುಬಿಡುತ್ತದೆ.

ಇದು ಬರೀ ನನ್ನ ಅನಿಸಿಕೆಯೋ ನಿಜವೋ ನೋಡೋಣವೆಂದು, ಒತ್ತಿದ ಪ್ರತಿಯೊಂದು ಕೀಲಿಯ ಸಮಯವನ್ನು ದಾಖಲಿಸುವ ಒಂದು ತಂತ್ರಾಂಶವನ್ನು ಹಾಕಿಕೊಂಡು ಕೆಲವು ದಿನ ಎರಡೂ ಭಾಷೆಗಳಲ್ಲಿ ಬರೆದೆ. ಇಂಗ್ಲಿಷಿನ ವರದಿ ನಾನು ಅಂದುಕೊಂಡಂತೆಯೇ ಬಂತು. ಕನ್ನಡದ ವರದಿ ಮಾತ್ರ ಗೊಂದಲಕ್ಕೆ ಹಚ್ಚಿತು. ವಾಕ್ಯದ ಆರಂಭದಲ್ಲಿ ದೀರ್ಘ ನಿಲುಗಡೆಗಳು ಇದ್ದದ್ದು ಸರಿ, ಆದರೆ ಪದಗಳ ಒಳಗೇ, ಕೆಲವೊಮ್ಮೆ ಒಂದೇ ಅಕ್ಷರದ ನಡುವೆಯೇ, ಲೆಕ್ಕವಿಲ್ಲದಷ್ಟು ಚಿಕ್ಕ ತಡೆಗಳೂ ಇದ್ದವು. ಹುಟ್ಟಿದಾಗಿನಿಂದ ಆಡಿದ ಭಾಷೆಯಲ್ಲಿ ನಾನು ಪದದ ಮಧ್ಯೆ ಏಕೆ ನಿಲ್ಲುತ್ತೇನೆ? ಅದು ಯೋಚನೆಯೋ, ಬೆರಳಿನ ತೊಡಕೋ? ಎರಡು ಸೆಕೆಂಡಿಗಿಂತ ಹೆಚ್ಚಿನ ಬಿಡುವನ್ನು ಮಾತ್ರ ನಿಲುಗಡೆಯೆಂದು ಎಣಿಸಬೇಕೆಂದು ಓದಿದ್ದೇನೆ. ಆ ಅಳತೆ ಕನ್ನಡಕ್ಕೂ ಸಲ್ಲುತ್ತದೆಯೇ?

ಈ ಪ್ರಶ್ನೆಯ ಹಿಂದೆ ಒಂದು ನೋವೂ ಇದೆ. ಹಳ್ಳಿಯ ಕನ್ನಡ ಮಾಧ್ಯಮ ಶಾಲೆಯಿಂದ ಬಂದ ಒಬ್ಬ ವಿದ್ಯಾರ್ಥಿನಿ ಇಂಗ್ಲಿಷ್ ಪ್ರಬಂಧ ಬರೆಯುವಾಗ ಪದೇ ಪದೇ ಪೆನ್ನು ಎತ್ತಿ ಹಾಳೆಯನ್ನೇ ನೋಡುತ್ತಾ ಕೂರುತ್ತಿದ್ದಳು. ಸುಮ್ಮನೆ ಕೂರಬೇಡ, ಬರೆ ಎಂದು ನಾನು ಎರಡು ಮೂರು ಸಲ ಗದರಿದೆ. ಅವಳು ಸುಮ್ಮನೆ ಕೂತಿರಲಿಲ್ಲ ಎಂದು ಈಗ ಅನ್ನಿಸುತ್ತಿದೆ. ತಿಳಿದವರು ದಯವಿಟ್ಟು ವಿವರಿಸಬೇಕು.

ಉತ್ತರ 1 (ಭಾಷಾವಿಜ್ಞಾನದ ನಿವೃತ್ತ ಅಧ್ಯಾಪಕ, ಮೈಸೂರು)

ನಿಮ್ಮ ವಿದ್ಯಾರ್ಥಿನಿಯಿಂದಲೇ ಶುರುಮಾಡುತ್ತೇನೆ, ಏಕೆಂದರೆ ಬರೆಯುವಾಗಿನ ನಿಲುಗಡೆಗಳ ಅಧ್ಯಯನವೇ ಅಂಥ ಮೌನವನ್ನು ಅರ್ಥ ಮಾಡಿಕೊಳ್ಳುವ ಪ್ರಯತ್ನದಿಂದ ಹುಟ್ಟಿದ್ದು. ಮಾತಿನ ನಡುವಿನ ಮೌನವನ್ನು ಭಾಷಾ ಮನೋವಿಜ್ಞಾನಿ ಫ್ರೀಡಾ ಗೋಲ್ಡ್‌ಮನ್ ಐಸ್ಲರ್ ಅವರು 1950 ಮತ್ತು 60ರ ದಶಕಗಳಲ್ಲಿ ಲಂಡನ್ನಿನಲ್ಲಿ ಅಳೆದು, ಮಾತುಗಾರ ಮುಂದಿನದನ್ನು ಕಟ್ಟಿಕೊಳ್ಳುವ ಕೆಲಸ ಆ ಮೌನದಲ್ಲಿ ನಡೆಯುತ್ತದೆ ಎಂದು ವಾದಿಸಿದ್ದರು. ಬರವಣಿಗೆಯಲ್ಲಿ ಅದೇ ಬಗೆಯ ಅಳತೆಯನ್ನು ಸಂಶೋಧಕಿ ಆನ್ ಮಾತ್ಸುಹಾಶಿ ಮಾಡಿದರು. ಆಗ ಕೀಲಿ ದಾಖಲಿಸುವ ತಂತ್ರಾಂಶಗಳಿರಲಿಲ್ಲ. ಪ್ರೌಢಶಾಲೆಯ ವಿದ್ಯಾರ್ಥಿಗಳು ಕೈಯಲ್ಲಿ ಬರೆಯುವುದನ್ನು ವಿಡಿಯೊದಲ್ಲಿ ಹಿಡಿದು, ಪೆನ್ನು ನಿಂತ ಕಡೆಗಳಲ್ಲೆಲ್ಲ ಸಮಯವನ್ನು ಗುರುತು ಹಾಕಿಕೊಂಡರು. 1981ರಲ್ಲಿ ಪ್ರಕಟವಾದ ಆ ಬರಹದ ಒಂದು ಮಾತು ನನಗೆ ಇಂದಿಗೂ ಮುಖ್ಯವಾಗಿ ತೋರುತ್ತದೆ: ನಡೆದ ಸಂಗತಿಯನ್ನು ವರದಿ ಮಾಡುವಾಗ ಇರುವುದಕ್ಕಿಂತ, ಸಾಮಾನ್ಯೀಕರಿಸಿ ಹೇಳುವಾಗ ಮತ್ತು ವಾದ ಹೂಡುವಾಗ ನಿಲುಗಡೆಗಳು ದೀರ್ಘವಾಗುತ್ತವೆ. ನಿಮ್ಮ ಕನ್ನಡ ಲೇಖನ ಅನುಭವಕಥನವಾಗಿದ್ದು ಇಂಗ್ಲಿಷ್ ಬರಹ ಸಂಶೋಧನಾ ಪ್ರಬಂಧವಾಗಿದ್ದರೆ, ನೀವು ಹೋಲಿಸುತ್ತಿರುವುದು ಎರಡು ಭಾಷೆಗಳನ್ನಷ್ಟೇ ಅಲ್ಲ, ಎರಡು ಬಗೆಯ ಬರಹಗಳನ್ನೂ ಹೌದು. ಇದನ್ನು ಮೊದಲು ಸರಿಪಡಿಸಿಕೊಳ್ಳಿ. ಒಂದೇ ಬಗೆಯ ವಿಷಯವನ್ನು ಎರಡೂ ಭಾಷೆಗಳಲ್ಲಿ ಬರೆದು ನೋಡಿ.

1990ರ ದಶಕದಿಂದ ಈಚೆಗೆ ಕೀಲಿ ದಾಖಲೆಯೇ ಮುಖ್ಯ ಉಪಕರಣವಾಯಿತು. ಕೋಪನ್‌ಹೇಗನ್‌ನಲ್ಲಿ ಅನುವಾದಕರ ಕೆಲಸವನ್ನು ಗಮನಿಸಲೆಂದು ತಂತ್ರಾಂಶವಾಗಿ ಟ್ರಾನ್ಸ್‌ಲಾಗ್ ಬಂತು, ಸ್ವೀಡನ್ನಿನಲ್ಲಿ ಸ್ಕ್ರಿಪ್ಟ್‌ಲಾಗ್ ಬಂತು, ಬೆಲ್ಜಿಯಮ್ಮಿನ ಆಂಟ್‌ವರ್ಪ್ ವಿಶ್ವವಿದ್ಯಾಲಯದಲ್ಲಿ ಮಾರಿಯೆಲ್ ಲೈಟನ್ ಮತ್ತು ಲ್ಯುಕ್ ಫಾನ್ ವಾಸ್ ಅವರು ಇನ್‌ಪುಟ್‌ಲಾಗ್ ರೂಪಿಸಿದರು. ಬೇರೆ ಬೇರೆ ಭಾಷೆಗಳಲ್ಲಿ ಮತ್ತೆ ಮತ್ತೆ ಕಂಡುಬಂದಿರುವ ಸಂಗತಿಯೆಂದರೆ ನಿಲುಗಡೆಗಳಿಗೆ ಒಂದು ಶ್ರೇಣಿಯಿದೆ. ಪದದೊಳಗಿನ ಬಿಡುವು ಅತಿ ಚಿಕ್ಕದು, ಪದಗಳ ನಡುವಿನದು ಅದಕ್ಕಿಂತ ದೊಡ್ಡದು, ವಾಕ್ಯಗಳ ನಡುವಿನದು ಇನ್ನೂ ದೊಡ್ಡದು, ಕಂಡಿಕೆಗಳ ನಡುವಿನದು ಎಲ್ಲಕ್ಕಿಂತ ದೊಡ್ಡದು. ಆದ್ದರಿಂದ ಎಷ್ಟು ಹೊತ್ತು ನಿಂತರು ಎಂಬುದಕ್ಕಿಂತ ಎಲ್ಲಿ ನಿಂತರು ಎಂಬುದನ್ನು ನೋಡಬೇಕು. ವಾಕ್ಯದ ಬಾಗಿಲಲ್ಲಿ ನಿಂತವರು ಬಹುಶಃ ಏನು ಹೇಳಬೇಕೆಂದು ಯೋಚಿಸುತ್ತಿದ್ದಾರೆ. ವಾಕ್ಯದ ನಡುವೆ ಪದದ ಮುಂದೆ ನಿಂತವರು ಹೇಗೆ ಹೇಳಬೇಕೆಂದು ಹುಡುಕುತ್ತಿದ್ದಾರೆ.

ಎರಡು ನಿಲುಗಡೆಗಳ ನಡುವೆ ತಡೆಯಿಲ್ಲದೆ ಬರುವ ಭಾಗವನ್ನು ನಾವು ‘ಓಟ’ ಎನ್ನೋಣ. ಆನ್ ಚೆನೋವೆತ್ ಮತ್ತು ಜಾನ್ ಹೇಯ್ಸ್ 2001ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಫ್ರೆಂಚ್ ಅಥವಾ ಜರ್ಮನ್ ಕಲಿಯುತ್ತಿದ್ದ ಇಂಗ್ಲಿಷ್ ಮಾತೃಭಾಷೆಯ ವಿದ್ಯಾರ್ಥಿಗಳಿಂದ ಎರಡೂ ಭಾಷೆಗಳಲ್ಲಿ ಪ್ರಬಂಧ ಬರೆಸಿ, ಬರೆಯುತ್ತಲೇ ಮನಸ್ಸಿನಲ್ಲಿ ಬಂದುದನ್ನು ಗಟ್ಟಿಯಾಗಿ ಹೇಳಿಸಿದರು. ಕಲಿತ ಭಾಷೆಯಲ್ಲಿ ಓಟಗಳು ಚಿಕ್ಕವಾಗಿದ್ದವು. ಆ ಭಾಷೆಯ ಅನುಭವ ಹೆಚ್ಚಿದ್ದವರಲ್ಲಿ ಓಟ ಉದ್ದವಾಗಿ, ಬರೆದದ್ದನ್ನು ಹೊಡೆದು ತಿದ್ದುವುದು ಕಡಿಮೆಯಾಗಿತ್ತು. ಇದಕ್ಕೆ ಕಾರಣ ಊಹಿಸುವುದು ಕಷ್ಟವಲ್ಲ. ಮನಸ್ಸು ಒಮ್ಮೆಗೆ ಹಿಡಿದುಕೊಳ್ಳಬಲ್ಲ ಸರಕು ಸ್ವಲ್ಪವೇ. ಪದ, ವಿಭಕ್ತಿ, ಕಾಗುಣಿತ ಇವು ತಾವಾಗಿ ಒದಗಿದರೆ ಆ ಜಾಗವೆಲ್ಲ ವಿಚಾರಕ್ಕೆ ಸಿಗುತ್ತದೆ. ಪ್ರತಿಯೊಂದನ್ನೂ ಹುಡುಕಿ ತರಬೇಕಾದರೆ ವಿಚಾರವೇ ಕೈತಪ್ಪುತ್ತದೆ. ನಿಮ್ಮ ವಿದ್ಯಾರ್ಥಿನಿ ಹಾಳೆ ನೋಡುತ್ತಾ ಕೂತಾಗ ಬಹುಶಃ ತಾನು ಬರೆದದ್ದನ್ನೇ ಮತ್ತೆ ಓದುತ್ತಿದ್ದಳು. ಬರೆಯುವವರ ಕಣ್ಣಿನ ಚಲನೆಯನ್ನು ದಾಖಲಿಸಿದ ಪ್ರಯೋಗಗಳಲ್ಲಿ, ಕೈ ನಿಂತಾಗ ಕಣ್ಣು ಹಿಂದಿನ ಸಾಲುಗಳಿಗೆ ಹೋಗಿ ಬರುವುದು ಸ್ಪಷ್ಟವಾಗಿ ಕಂಡಿದೆ. ಕೈತಪ್ಪಿದ ಎಳೆಯನ್ನು ಮತ್ತೆ ಹಿಡಿಯುವ ದಾರಿ ಅದು.

ಇನ್ನು ಕನ್ನಡದಲ್ಲಿ ವಾಕ್ಯಾರಂಭದ ದೀರ್ಘ ಮೌನ. ಇದರ ಬಗ್ಗೆ ನಾನು ಹೇಳುವುದು ನನ್ನ ತರ್ಕ ಮಾತ್ರ. ಇಂಗ್ಲಿಷಿನಲ್ಲಿ ‘ಹುಡುಗ’ ಎಂಬ ಪದವನ್ನು ಮೊದಲು ಇಟ್ಟು, ಅವನು ಯಾರು, ಎಲ್ಲಿ ಸಿಕ್ಕಿದ ಎಂಬುದನ್ನು ಆಮೇಲೆ ಅಂಟಿಸುತ್ತಾ ಹೋಗಬಹುದು. ಕನ್ನಡದಲ್ಲಿ ‘ನಿನ್ನೆ ಸಂತೆಯಲ್ಲಿ ನನಗೆ ಸಿಕ್ಕಿದ ಹುಡುಗ’ ಎಂದು ಬರೆಯಬೇಕಾದರೆ, ‘ನಿನ್ನೆ’ ಎಂಬ ಮೊದಲ ಪದ ಇಳಿಯುವಾಗಲೇ ಕೊನೆಯ ‘ಹುಡುಗ’ ಮನಸ್ಸಿನಲ್ಲಿ ಸಿದ್ಧನಿರಬೇಕು. ವಿಶೇಷಣಗಳೆಲ್ಲ ಮುಂಚೆ, ವಿಶೇಷ್ಯ ಆಮೇಲೆ. ನಮ್ಮ ವಾಕ್ಯ ಬಾಗಿಲಲ್ಲೇ ಹೆಚ್ಚು ಸಿದ್ಧತೆ ಕೇಳುತ್ತದೆ, ಆದ್ದರಿಂದ ನೀವು ಬಾಗಿಲಲ್ಲಿ ಹೆಚ್ಚು ಹೊತ್ತು ನಿಲ್ಲುತ್ತೀರಿ.

ಉತ್ತರ 2 (ಅಕ್ಷರ ಜೋಡಣೆ ಮತ್ತು ತಂತ್ರಾಂಶದ ಕೆಲಸದಲ್ಲಿರುವವರು, ಬೆಂಗಳೂರು)

ಪದದೊಳಗಿನ ತಡೆಗಳ ಬಗ್ಗೆ ಮಾತ್ರ ಬರೆಯುತ್ತೇನೆ, ಅದು ನನ್ನ ದಿನನಿತ್ಯದ ಕೆಲಸ. ‘ಸ್ತ್ರೀ’ ಎಂಬುದು ಓದುವವರಿಗೆ ಒಂದೇ ಅಕ್ಷರ. ಯೂನಿಕೋಡ್‌ನಲ್ಲಿ ಅದು ಆರು ಸಂಕೇತಗಳ ಸರಣಿ: ಸಕಾರ, ವಿರಾಮ (ಅಕ್ಷರದ ಸ್ವರವನ್ನು ತೆಗೆಯುವ ಚಿಹ್ನೆ), ತಕಾರ, ಮತ್ತೆ ವಿರಾಮ, ರಕಾರ, ದೀರ್ಘ ಈಕಾರದ ಚಿಹ್ನೆ. ಕೆ. ಪಿ. ರಾವ್ ಅವರು ರೂಪಿಸಿದ, ನುಡಿ ತಂತ್ರಾಂಶದಿಂದ ಮನೆಮಾತಾದ ಕಗಪ (ಕನ್ನಡ ಗಣಕ ಪರಿಷತ್ತು) ಕೀಲಿಮಣೆ ವಿನ್ಯಾಸದಲ್ಲಿ ಈ ಆರನ್ನೂ ಒಂದೊಂದಾಗಿ ಒತ್ತಬೇಕು; ಮಹಾಪ್ರಾಣಗಳಿಗೆ ಶಿಫ್ಟ್ ಬೇರೆ. ಇಂಗ್ಲಿಷಿಗೆಂದು ಮಾಡಿದ ತಂತ್ರಾಂಶ ಆರು ಒತ್ತುಗಳನ್ನು ಆರು ಅಕ್ಷರಗಳೆಂದೇ ಎಣಿಸಿ, ಅವುಗಳ ನಡುವಿನ ಅಂತರಗಳನ್ನು ‘ಪದದೊಳಗಿನ ನಿಲುಗಡೆ’ ಎಂದು ಪಟ್ಟಿ ಮಾಡುತ್ತದೆ. ಬೆರಳು ಶಿಫ್ಟ್ ಹುಡುಕಿದ ಸಮಯ ನಿಮ್ಮ ಯೋಚನೆಯ ಲೆಕ್ಕಕ್ಕೆ ಸೇರಿಬಿಡುತ್ತದೆ.

ಅದಕ್ಕಿಂತ ಸೂಕ್ಷ್ಮವಾದ ಇನ್ನೊಂದು ತೊಡಕಿದೆ. ‘ಸೂರ್ಯ’ ಎಂದು ಕೈಯಲ್ಲಿ ಬರೆಯುವಾಗ ಮೊದಲು ‘ಸೂ’, ಆಮೇಲೆ ‘ಯ’, ಕೊನೆಗೆ ಅರ್ಕಾವೊತ್ತು ಬರೆಯುತ್ತೇವೆ. ಕೀಲಿಮಣೆಯಲ್ಲಿ ರೇಫವನ್ನು ಮೊದಲು ಒತ್ತಿ, ವಿರಾಮ ಕೊಟ್ಟು, ಆಮೇಲೆ ಯಕಾರ ಒತ್ತಬೇಕು. ಉಚ್ಚಾರದ ಕ್ರಮ ಅದೇ. ಶಾಲೆಯಲ್ಲಿ ಬಳಪ ಹಿಡಿದು ಕಲಿತ ಕೈಗೂ ಈಚೆಗೆ ಕೀಲಿ ಕಲಿತ ಬೆರಳಿಗೂ ಇಲ್ಲಿ ಕ್ರಮ ತಿರುವುಮುರುವಾಗುತ್ತದೆ. ‘ಸೂರ್ಯ, ಧರ್ಮ, ವರ್ಷ, ಮಾರ್ಗ’ ಮೊದಲಾದ ಪದಗಳಲ್ಲಿ ನಿಮ್ಮ ತಡೆಗಳು ಗುಂಪುಗೂಡಿವೆಯೇ ಎಂದು ದಯವಿಟ್ಟು ವರದಿಯಲ್ಲಿ ಪರೀಕ್ಷಿಸಿ. ಗುಂಪುಗೂಡಿದ್ದರೆ ಅವಕ್ಕೂ ಭಾಷಾಜ್ಞಾನಕ್ಕೂ ಸಂಬಂಧವಿಲ್ಲ. ಮೊಬೈಲಿನಲ್ಲಿ ಲಿಪ್ಯಂತರ ವಿಧಾನದಿಂದ ಬರೆಯುವವರ ಸ್ಥಿತಿ ಬೇರೆ: ಅವರು ರೋಮನ್ ಅಕ್ಷರ ಒತ್ತಿ, ಮೇಲೆ ಬರುವ ಸಲಹೆಗಳಲ್ಲಿ ಸರಿಯಾದ ಪದವನ್ನು ಆರಿಸಬೇಕು. ಅಲ್ಲಿ ಪ್ರತಿ ಪದದ ಕೊನೆಯಲ್ಲೂ ಒಂದು ಬಿಡುವಿರುತ್ತದೆ, ಅದು ಬರೆಯುವ ಬಿಡುವಲ್ಲ, ಆರಿಸುವ ಬಿಡುವು.

ಪರಿಹಾರ ಸರಳವಾಗಿದೆ. ಸ್ವಂತ ಬರಹ ಬರೆಯುವ ಮುನ್ನ, ಮುಂದೆ ಇಟ್ಟ ಪಠ್ಯವನ್ನು ನೋಡಿ ನಕಲು ಮಾಡುವ ಒಂದು ಅಭ್ಯಾಸವನ್ನು ಎರಡೂ ಭಾಷೆಗಳಲ್ಲಿ ದಾಖಲಿಸಿ. ನಕಲು ಮಾಡುವಾಗ ಏನು ಹೇಳಬೇಕೆಂಬ ಚಿಂತೆಯಿಲ್ಲ. ಅಲ್ಲಿ ಉಳಿಯುವ ಅಂತರ ಹೆಚ್ಚುಕಡಿಮೆ ಬೆರಳಿನದೇ. ಇನ್‌ಪುಟ್‌ಲಾಗ್ ತಂಡದವರೂ ಇದಕ್ಕೆಂದೇ ನಕಲು ಅಭ್ಯಾಸವನ್ನು ಸಿದ್ಧಪಡಿಸಿದ್ದಾರೆ. ಎರಡು ಸೆಕೆಂಡಿನ ಅಳತೆ ಪ್ರಕೃತಿ ಕೊಟ್ಟದ್ದಲ್ಲ, ಸಂಶೋಧಕರು ಅನುಕೂಲಕ್ಕೆ ಒಪ್ಪಿಕೊಂಡ ಗಡಿ. ವೇಗವಾಗಿ ಒತ್ತುವವರು ಅರ್ಧ ಸೆಕೆಂಡಿನಲ್ಲಿ ಒಂದು ಪದವನ್ನು ಹುಡುಕಿ ತರಬಹುದು, ನಿಧಾನಿಗೆ ಒಂದು ಒತ್ತಕ್ಷರಕ್ಕೇ ಎರಡು ಸೆಕೆಂಡು ಹಿಡಿಯಬಹುದು. ನಿಮ್ಮ ಕನ್ನಡದ ಬೆರಳಿಗೆ ಒಂದು ಗಡಿ, ಇಂಗ್ಲಿಷಿನ ಬೆರಳಿಗೆ ಇನ್ನೊಂದು ಗಡಿ ಇಟ್ಟುಕೊಳ್ಳದೆ ಹೋಲಿಕೆ ಮಾಡಬೇಡಿ.

ಉತ್ತರ 3 (ಪತ್ರಿಕೆಯಲ್ಲಿ ಕೆಲಸ ಮಾಡಿದವರು, ಮಂಗಳೂರು)

ಮೇಲಿನ ಇಬ್ಬರ ಮಾತೂ ನನಗೆ ಹೊಸತನ್ನು ಕಲಿಸಿತು. ಆದರೆ ಇಲ್ಲಿ ಎಲ್ಲರೂ ‘ಮಾತೃಭಾಷೆ’ ಎಂದ ಕೂಡಲೇ ಕನ್ನಡ ಎಂದು ಇಟ್ಟುಕೊಂಡಿದ್ದೀರಿ. ನನ್ನ ಮನೆಮಾತು ತುಳು. ಅಮ್ಮನೊಡನೆ ತುಳುವಿನಲ್ಲಿ ಜಗಳವಾಡಿ, ಶಾಲೆಯಲ್ಲಿ ಕನ್ನಡ ಬರೆದು, ಕಾಲೇಜಿನಲ್ಲಿ ಇಂಗ್ಲಿಷ್ ಕಲಿತವನು ನಾನು. ಬರೆಯುವ ಭಾಷೆಗಳಲ್ಲಿ ನನಗೆ ಮೊದಲನೆಯದು ಕನ್ನಡ, ಬದುಕಿನಲ್ಲಿ ಎರಡನೆಯದು. ಕೊಂಕಣಿ, ಬ್ಯಾರಿ, ಕೊಡವ, ಉರ್ದು, ಲಂಬಾಣಿ ಮನೆಮಾತಿನ ಎಷ್ಟೋ ಮಂದಿಯ ಸ್ಥಿತಿ ಇದೇ. ಮಾಸ್ತಿಯವರ ಮನೆಮಾತು ತಮಿಳು, ಬೇಂದ್ರೆಯವರದು ಮರಾಠಿ. ಇವರ ಕನ್ನಡವನ್ನು ‘ಪರಭಾಷೆಯ ಬರಹ’ ಎಂದು ಯಾವ ಪಟ್ಟಿಗೂ ಸೇರಿಸಲಾಗದು, ‘ಮಾತೃಭಾಷೆಯ ಬರಹ’ ಎನ್ನುವುದೂ ಅಕ್ಷರಶಃ ಸರಿಯಲ್ಲ. ವಿದ್ಯಾರ್ಥಿಗಳನ್ನು ಗಮನಿಸುವಾಗ ‘ನಿನ್ನ ಮನೆಮಾತು ಯಾವುದು’ ಎಂದು ಕೇಳಿದರೆ ಸಾಲದು. ‘ಯಾವ ಭಾಷೆಯಲ್ಲಿ ಮೊದಲು ಬರೆಯಲು ಕಲಿತೆ, ಯಾವ ಭಾಷೆಯಲ್ಲಿ ಹೆಚ್ಚು ಬರೆದಿದ್ದೀಯ’ ಎಂದೂ ಕೇಳಬೇಕು.

ಕನ್ನಡವೇ ಮನೆಮಾತಾದವರಿಗೂ ಬರೆಯುವ ಕನ್ನಡ ಪೂರ್ತಿ ಮನೆಯದಲ್ಲ. ಆಡುವ ಕನ್ನಡಕ್ಕೂ ಗ್ರಂಥಸ್ಥ ಕನ್ನಡಕ್ಕೂ ನಡುವೆ ಒಂದು ದೂರವಿದೆ, ಧಾರವಾಡದವರಿಗೆ, ಕುಂದಾಪುರದವರಿಗೆ, ಚಾಮರಾಜನಗರದವರಿಗೆ ಅದು ಬೇರೆ ಬೇರೆ ದೂರ. ‘ಬಂದಾನ’ ಎಂದು ನಾಲಿಗೆಗೆ ಬಂದದ್ದನ್ನು ‘ಬಂದಿದ್ದಾನೆ’ ಎಂದು ಬರೆಯುವ ನಡುವೆ, ಅಭ್ಯಾಸವಿಲ್ಲದವರು ನಿಲ್ಲುತ್ತಾರೆ. ಪತ್ರಿಕೆಯ ಮೇಜಿನಲ್ಲಿ ನಾನು ಅತಿ ಹೆಚ್ಚು ಕಂಡ ನಿಲುಗಡೆ ಮಾತ್ರ ಬೇರೆ: ಪದದ ಆಯ್ಕೆಯದು. ವಿಜ್ಞಾನ, ನ್ಯಾಯಾಲಯ, ಬಜೆಟ್ಟಿನ ಸುದ್ದಿ ಬರೆಯುವ ಹುಡುಗರ ಮನಸ್ಸಿಗೆ ಮೊದಲು ಬರುವುದು ಇಂಗ್ಲಿಷ್ ಪದ. ಆಗ ಅವರ ಮುಂದೆ ಮೂರು ದಾರಿಗಳಿರುತ್ತವೆ. ಆ ಪದವನ್ನೇ ಕನ್ನಡ ಲಿಪಿಯಲ್ಲಿ ಇಡುವುದು, ಸಂಸ್ಕೃತದಿಂದ ಕಟ್ಟಿದ ಪಾರಿಭಾಷಿಕ ಪದ ಹಾಕುವುದು, ಇಲ್ಲವೆ ಬಿಡಿಸಿ ಹೇಳುವುದು. ‘ಅಂಡರ್‌ಟೇಕಿಂಗ್’ ಎಂದರೆ ಸಂಪಾದಕರು ಒಪ್ಪುವುದಿಲ್ಲ, ‘ಮುಚ್ಚಳಿಕೆ’ ಎಂದರೆ ಈಗಿನ ಓದುಗರಿಗೆ ತಿಳಿಯುತ್ತದೋ ಇಲ್ಲವೋ, ‘ಬರೆದುಕೊಟ್ಟ ಮಾತು’ ಎಂದರೆ ತೂಕ ಸಾಲದು. ಹುಡುಗ ಕೈ ಕಟ್ಟಿ ಕೂರುತ್ತಾನೆ. ಅವನಿಗೆ ಭಾಷೆ ಬಾರದೆಂದಲ್ಲ. ಓದುವವರು ಯಾರೆಂದು ಅವನು ಯೋಚಿಸುತ್ತಿದ್ದಾನೆ. ಇಂಥ ನಿಲುಗಡೆಯನ್ನು ಕೊರತೆಯೆಂದು ಎಣಿಸುವ ಅಳತೆಗೋಲು ನಮಗೆ ಬೇಡ.

ಉತ್ತರ 1ರಲ್ಲಿ ಹೇಳಿದ ವಾಕ್ಯಾರಂಭದ ತರ್ಕವನ್ನು ನಾನು ಅರ್ಧ ಮಾತ್ರ ಒಪ್ಪುತ್ತೇನೆ. ಕನ್ನಡದ ವಾಕ್ಯ ಹೊರಡುವಾಗಲೇ ಎಲ್ಲವನ್ನೂ ಕೇಳುವುದಿಲ್ಲ. ‘ಅವನು ಊರಿಗೆ ಬಂದು, ಅಣ್ಣನನ್ನು ಕಂಡು, ಹೊಲದ ವಿಷಯ ತೆಗೆದು’ ಎಂದು ಎಷ್ಟು ದೂರ ಬೇಕಾದರೂ ಹೋಗಬಹುದು. ಅವನು ಜಗಳವಾಡಿದನೋ, ಆಡುತ್ತಾನೋ, ಆಡಲಿಲ್ಲವೋ ಎಂಬುದು ಕೊನೆಯ ಕ್ರಿಯಾಪದದವರೆಗೂ ತೀರ್ಮಾನವಾಗಿರಬೇಕಿಲ್ಲ. ಕಾಲ, ನಿಷೇಧ, ಪ್ರಶ್ನೆ ಎಲ್ಲ ತುದಿಯಲ್ಲಿವೆ. ನಾನಂತೂ ಕನ್ನಡದಲ್ಲಿ ಹೆಚ್ಚಾಗಿ ನಿಲ್ಲುವುದು ಆ ತುದಿಯ ಹಿಂದೆ, ಬಾಗಿಲಲ್ಲಿ ಅಲ್ಲ.

ಉತ್ತರ 4 (ಎಂಜಿನಿಯರ್, ಜರ್ಮನಿಯಲ್ಲಿರುವ ಕನ್ನಡತಿ)

ನನ್ನ ಅನುಭವ ಈ ಚರ್ಚೆಗೆ ಉಪಯೋಗವಾಗಬಹುದು. ನಾನು ಕಚೇರಿಯಲ್ಲಿ ಇಂಗ್ಲಿಷ್ ಮತ್ತು ಜರ್ಮನ್ ಎರಡರಲ್ಲೂ ವರದಿ ಬರೆಯುತ್ತೇನೆ. ಜರ್ಮನ್ನಿನ ಅಧೀನ ವಾಕ್ಯಗಳಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ. ನನ್ನ ಜೊತೆ ಕಲಿತ ಬೇರೆ ದೇಶಗಳ ಸಹಪಾಠಿಗಳು ಅಲ್ಲಿ ಬಹಳ ತಡಕಾಡುತ್ತಿದ್ದರು. ನನಗೆ ಅದು ಮನೆಯ ಅಂಗಳದಷ್ಟೇ ಪರಿಚಿತವೆನಿಸಿತು. ನಾನು ನಿಲ್ಲುವುದು ನಾಮಪದದ ಹಿಂದೆ. ಮೇಜು ಗಂಡು, ದೀಪ ಹೆಣ್ಣು, ಪುಸ್ತಕ ನಪುಂಸಕ ಎಂದು ‘ಡೇರ್, ಡೀ, ಡಾಸ್’ಗಳಲ್ಲಿ ಒಂದನ್ನು ಆರಿಸಿ, ಅದನ್ನು ವಿಭಕ್ತಿಗೆ ತಕ್ಕಂತೆ ಬದಲಿಸಬೇಕು. ಅರ್ಥ ನೋಡಿ ಲಿಂಗ ಹೇಳುವ ಕನ್ನಡದವರಿಗೆ ಇದು ಎಂದಿಗೂ ತಾನಾಗಿ ಒದಗದು. ಹಾಗಾಗಿ ಪರಭಾಷೆಯೆಂದ ಮಾತ್ರಕ್ಕೆ ಎಲ್ಲ ಕಡೆಯೂ ನಿಲ್ಲುತ್ತೇವೆಂದಲ್ಲ. ನಮ್ಮ ಭಾಷೆ ಯಾವ ಕೆಲಸವನ್ನು ನಮಗೆ ಕಲಿಸಿಲ್ಲವೋ ಅಲ್ಲಿ ನಿಲ್ಲುತ್ತೇವೆ.

ಪ್ರಶ್ನೆ ಕೇಳಿದವರಿಂದ, ಮೂರು ವಾರಗಳ ನಂತರ

ಎಲ್ಲರಿಗೂ ಕೃತಜ್ಞತೆಗಳು. ನೀವು ಹೇಳಿದಂತೆ ನಕಲು ಅಭ್ಯಾಸ ಮಾಡಿ, ಎರಡು ಭಾಷೆಗಳಿಗೆ ಎರಡು ಗಡಿಗಳನ್ನು ಇಟ್ಟುಕೊಂಡೆ. ಅರ್ಕಾವೊತ್ತಿನ ಮಾತು ನೂರಕ್ಕೆ ನೂರು ನಿಜ: ‘ವರ್ಷ, ಕಾರ್ಯ, ಅರ್ಥ’ ಇಂಥ ಪದಗಳಲ್ಲಿ ನಕಲು ಮಾಡುವಾಗಲೂ ನನ್ನ ಬೆರಳು ಅಷ್ಟೇ ಹೊತ್ತು ತಡೆಯುತ್ತದೆ. ಅವನ್ನು ಬದಿಗಿಟ್ಟ ಮೇಲೆ ಕನ್ನಡದ ಪದದೊಳಗಿನ ತಡೆಗಳಲ್ಲಿ ಹೆಚ್ಚಿನವು ಮಾಯವಾದವು. ಆದರೆ ಒಂದು ಬಗೆಯವು ಉಳಿದವು. ‘ಹೋಗಬೇಕಾಗಿ’ ಎಂದು ಬರೆದು ನಿಂತು, ಆಮೇಲೆ ‘ರಲಿಲ್ಲ’ ಎಂದು ಸೇರಿಸಿದ್ದೇನೆ. ‘ಮಾಡಿದ್ದಾ’ ಎಂದು ನಿಂತು ‘ರಂತೆ’ ಎಂದಿದ್ದೇನೆ. ತಂತ್ರಾಂಶದ ಲೆಕ್ಕದಲ್ಲಿ ಇವು ಪದದೊಳಗಿನ ನಿಲುಗಡೆಗಳು. ಆದರೆ ಅಲ್ಲಿ ನಾನು ತೀರ್ಮಾನಿಸುತ್ತಿದ್ದುದು ಇಡೀ ವಾಕ್ಯದ ಹಣೆಬರಹವನ್ನು: ಹೌದೋ ಅಲ್ಲವೋ, ಕಣ್ಣಾರೆ ಕಂಡದ್ದೋ ಕೇಳಿದ ಮಾತೋ. ಇಂಗ್ಲಿಷಿನಲ್ಲಿ ಬೇರೆ ಬೇರೆ ಪದಗಳಾಗಿ ನಿಲ್ಲುವ ಸಂಗತಿಗಳು ನಮ್ಮಲ್ಲಿ ಒಂದೇ ಪದದ ಬಾಲವಾಗಿರುವುದರಿಂದ, ‘ಪದದೊಳಗೆ’ ಎಂಬ ವರ್ಗವನ್ನೇ ಕನ್ನಡಕ್ಕೆ ಬೇರೆಯಾಗಿ ಕಟ್ಟಿಕೊಳ್ಳಬೇಕು. ಪ್ರತ್ಯಯದ ಗಡಿಯಲ್ಲಿ ನಿಂತದ್ದನ್ನು ಅಕ್ಷರದ ನಡುವೆ ನಿಂತದ್ದರಿಂದ ಬಿಡಿಸಿ ಎಣಿಸಬೇಕು.

ಮಂಗಳೂರಿನವರೂ ಮೈಸೂರಿನವರೂ ಇಬ್ಬರೂ ಸರಿಯೆಂದು ನನ್ನ ದಾಖಲೆ ಹೇಳುತ್ತಿದೆ. ‘ಸಿಕ್ಕಿದ’, ‘ಹೇಳಿದ’ ಎಂಬಂಥ ಕೃದಂತ ವಿಶೇಷಣಗಳಿರುವ ವಾಕ್ಯಗಳಲ್ಲಿ ನಾನು ಬಾಗಿಲಲ್ಲಿ ನಿಂತಿದ್ದೇನೆ. ‘ಬಂದು, ಕಂಡು, ತೆಗೆದು’ ಎಂದು ಹರಿಯುವ ವಾಕ್ಯಗಳಲ್ಲಿ ತುದಿಯಲ್ಲಿ ನಿಂತಿದ್ದೇನೆ. ಇದು ಒಬ್ಬಳ ದಾಖಲೆ, ಅದೂ ಕೆಲವೇ ದಿನಗಳದು, ಆದ್ದರಿಂದ ಇದಕ್ಕಿಂತ ಹೆಚ್ಚಿನದನ್ನು ನಾನು ಹೇಳಿಕೊಳ್ಳುವುದಿಲ್ಲ.

ಆ ವಿದ್ಯಾರ್ಥಿನಿಯನ್ನು ಕರೆದು ಮಾತನಾಡಿದೆ. ಪೆನ್ನು ಎತ್ತಿದಾಗ ಏನು ಮಾಡುತ್ತಿದ್ದೆ ಎಂದು ಕೇಳಿದ್ದಕ್ಕೆ, ಮುಂದಿನ ಸಾಲನ್ನು ಮೊದಲು ಕನ್ನಡದಲ್ಲಿ ಪೂರ್ತಿ ಹೇಳಿಕೊಳ್ಳುತ್ತಿದ್ದೆ, ಆಮೇಲೆ ಅದನ್ನು ಹಿಂದುಮುಂದಾಗಿ ತಿರುಗಿಸುತ್ತಿದ್ದೆ ಎಂದಳು. ಮನಸ್ಸಿನಲ್ಲಿ ತಿರುಗಿಸುವ ಬದಲು ಆ ಕನ್ನಡ ಸಾಲನ್ನು ಅಂಚಿನಲ್ಲಿ ಬರೆದುಕೊಂಡು ನೋಡು ಎಂದೆ. ಮುಂದಿನ ಪ್ರಬಂಧದಲ್ಲಿ ಅವಳ ಹಾಳೆಯ ಎಡ ಅಂಚು ತುಂಬ ಪೆನ್ಸಿಲಿನ ಕನ್ನಡವಿತ್ತು, ಅಂಕ ಕೊಡುವಾಗ ನಾನು ಅದನ್ನೂ ಓದಿದೆ.